ಕೂಲಿ ಎಂಬ ಇಂಗ್ಲಿಷ್ ಶಬ್ದ

ನಮ್ಮ ಕೇರಿಯ ಶಬ್ದವೊಂದು ಇಂಗ್ಲಿಷ್ ನಿಘಂಟಿನಲ್ಲಿ ಕೂತಿದೆ: ಕೂಲಿ. ಚೊಳಚಗುಡ್ಡದ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರು "ಕೂಲಿ ಎಷ್ಟ ಕೊಡ್ತೀರಿ?" ಅಂತ ಕೇಳಿಯೇ ಕೆಲಸಕ್ಕಿಳಿಯುತ್ತಾರೆ. ಅವರ ಬಾಯಲ್ಲಿ ಕೂಲಿ ಅಂದರೆ ದುಡಿದದ್ದಕ್ಕೆ ಬರಬೇಕಾದ ರೊಕ್ಕ, ಇಲ್ಲಾ ಕಾಳು. ದುಡಿಯುವಾಕಿ ಕೂಲಿ ಅಲ್ಲ, ಕೂಲಿಯಾಕಿ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅಲ್ಲಿ ಕೂಲಿ ಅಂದರೆ ಮನುಷ್ಯ. ಭಾರತದವನಾಗಲಿ ಚೀನಾದವನಾಗಲಿ, ಹೊರೆ ಹೊರುವ ಹೆಸರಿಲ್ಲದ ಮನುಷ್ಯ.

ರೊಕ್ಕದ ಹೆಸರು ಮನುಷ್ಯನಿಗೆ ಅಂಟಿದ್ದು ಹೇಗೆ? ತಮಿಳಿನಲ್ಲೂ ಕೂಲಿ ಅಂದರೆ ದುಡಿಮೆಯ ಫಲವೇ. ತಿರುಕ್ಕುರಳ್‌ನಲ್ಲೇ ಆ ಅರ್ಥದಲ್ಲಿ ಈ ಮಾತಿದೆ. ಗುಜರಾತಿನ ಕೋಲಿ ಸಮುದಾಯದ ಹೆಸರೇ ಇದರ ಮೂಲ ಅನ್ನುವ ಪಂಡಿತರೂ ಇದ್ದಾರೆ. ಎರಡೂ ಬೆರೆತಿರಬಹುದು. ಕಡಲ ದಂಡೆಯಲ್ಲಿ ಪೋರ್ಚುಗೀಸರು ಅದನ್ನು ಎತ್ತಿಕೊಂಡರು, ಆಮೇಲೆ ಇಂಗ್ಲಿಷರು. ತಮಾಷೆ ನೋಡ್ರಿ, ನಮ್ಮ ಮಾಸ್ತರರು ಎಣಿಸುವ 'ಪಗಾರ' ಪೋರ್ಚುಗೀಸರದೇ ಮಾತು. ಅವರ ಪಗಾರ ಇಲ್ಲಿ ಮರ್ಯಾದೆಯಾಯ್ತು, ನಮ್ಮ ಕೂಲಿ ಹೊರಗೆ ಬೈಗುಳವಾಯ್ತು.

1833ರಲ್ಲಿ ಬ್ರಿಟಿಷರು ತಮ್ಮ ವಸಾಹತುಗಳ ಗುಲಾಮಗಿರಿ ರದ್ದತಿಗೆ ಕಾನೂನು ಮಾಡಿದರು. ಆದರೆ ಕಬ್ಬಿನ ತೋಟಗಳಿಗೆ ಆಳು ಬೇಕಲ್ಲ! 1834ರಿಂದ ಮಾರಿಷಸ್‌ಗೆ, 1838ರಲ್ಲಿ ಗಯಾನಾಕ್ಕೆ, 1860ರಲ್ಲಿ ನಟಾಲ್‌ಗೆ, 1879ರಲ್ಲಿ ಫಿಜಿಗೆ ಭಾರತದ ಬಡವರನ್ನು ಕರಾರಿಗೆ ಹೆಬ್ಬಟ್ಟು ಒತ್ತಿಸಿ ಹಡಗು ಹತ್ತಿಸಿದರು. 1917ರಲ್ಲಿ ಈ ನೇಮಕಾತಿ ನಿಲ್ಲುವ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದರು. ಎಲ್ಲರಿಗೂ ಒಂದೇ ಹೆಸರು, ಕೂಲಿ. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಗಾಂಧಿಯೂ 'ಕೂಲಿ ಬ್ಯಾರಿಸ್ಟರ್' ಆದರು. ಅವರ ಅವಮಾನ ಪುಸ್ತಕ ಸೇರಿತು. ಕಬ್ಬು ಕಡಿದವರದ್ದು ಯಾರು ಬರೆದರು?

ಇತ್ತ ನಮ್ಮ ಕೇರಿಗಳಿಗೆ ಕೂಲಿ ಅನ್ನುವ ಮಾತೇ ದೊಡ್ಡ ಗಳಿಕೆ. ಮೊದಲು ಇದ್ದದ್ದು ಬಿಟ್ಟಿ. ಸತ್ತ ದನ ಎಳಿ, ಹಲಗಿ ಬಾರಿಸು, ಸುದ್ದಿ ಒಯ್ಯಿ. ಕೊಟ್ಟರೆ ಉಳಿದ ರೊಟ್ಟಿ. 'ಎಷ್ಟ ಕೊಡ್ತೀರಿ' ಅಂತ ಕೇಳಿದವನಿಗೆ ಸೊಕ್ಕು ಬಂದಿದೆ ಅಂತಿದ್ದರು. ಕನಿಷ್ಠ ಕೂಲಿಗೆ ಕಾನೂನು ಬಂದದ್ದು 1948ರಲ್ಲಿ, ಜೀತ ರದ್ದಾದದ್ದು 1976ರ ಕಾಯ್ದೆಯಿಂದ. ಕಾನೂನು ಬಂದಮೇಲೂ ಬಾಯಿಬಿಟ್ಟು ಕೇಳುವ ಧೈರ್ಯವನ್ನು ಜನರೇ ಸಂಪಾದಿಸಬೇಕಾಯ್ತು.

ಇಂಗ್ಲಿಷರ ಅರ್ಥ ರೈಲು ಹತ್ತಿ ನಮ್ಮಲ್ಲಿಗೂ ವಾಪಸ್ ಬಂತು. ಟೇಸನ್ನಿನಲ್ಲಿ "ಏ ಕೂಲಿ!" ಅಂತ ಕರೆದರೆ ಕೆಂಪಂಗಿಯ ಮನುಷ್ಯ ತಿರುಗಿ ನೋಡುತ್ತಾನೆ. 2016ರ ರೈಲ್ವೆ ಬಜೆಟ್‌ನಲ್ಲಿ ಅವನನ್ನು 'ಸಹಾಯಕ' ಎಂದು ಕರೆಯುವುದಾಗಿ ಹೇಳಿದರು. ಆದರೆ ಅವನಿಗೆ ರೈಲ್ವೆಯ ಪಗಾರ ಇಲ್ಲ, ಪ್ರಯಾಣಿಕರು ಕೊಟ್ಟದ್ದೇ ಕೂಲಿ.