ಅಧ್ಯಕ್ಷರ ಕಾಯಿಲೆ ಯಾರ ಗುಟ್ಟು?

ಫ್ರಾನ್ಸಿನ ಮಾಜಿ ಅಧ್ಯಕ್ಷ ಫ್ರಾನ್ಸ್ವಾ ಮಿತ್ತೆರಾಂ ತೀರಿಕೊಂಡದ್ದು 1996ರ ಜನವರಿ 8ರಂದು. ಒಂಬತ್ತೇ ದಿನಕ್ಕೆ ಅಲ್ಲಿನ ಪುಸ್ತಕದಂಗಡಿಗಳಿಗೆ ‘ಲ ಗ್ರಾಂ ಸೆಕ್ರೆ’ ಬಂತು. ಹೆಸರಿನ ಅರ್ಥ ‘ದೊಡ್ಡ ಗುಟ್ಟು’. ಬರೆದವರಲ್ಲಿ ಒಬ್ಬರು ಮಿತ್ತೆರಾಂ ಅವರ ಖಾಸಗಿ ವೈದ್ಯರಾಗಿದ್ದ ಕ್ಲೋದ್ ಗ್ಯುಬ್ಲೆರ್. ಮರುದಿನವೇ ನ್ಯಾಯಾಲಯ ಮಾರಾಟಕ್ಕೆ ತಡೆ ಹಾಕಿತು. ಅಷ್ಟರೊಳಗೆ ಸುಮಾರು 40,000 ಪ್ರತಿಗಳು ಓದುಗರ ಕೈ ಸೇರಿಯಾಗಿತ್ತು.

ಫ್ರಾನ್ಸಿನಲ್ಲಿ ಖಾಸಗಿ ಬದುಕನ್ನು ಗೋಡೆಗೆ ಹೋಲಿಸುವ ರೂಢಿ ಹಳೆಯದು. ಖಾಸಗಿ ಜೀವನದ ಸುತ್ತ ಗೋಡೆ ಇರಬೇಕು ಎಂದು ರಾಜಕಾರಣಿ ರೋಯೆ-ಕೊಲ್ಲಾರ್ 1819ರಲ್ಲೇ ಹೇಳಿದ್ದರು. 1858ರಲ್ಲಿ ಖ್ಯಾತ ರಂಗನಟಿ ರಾಶೆಲ್ ತೀರಿಕೊಂಡಾಗ ಆಕೆಯ ಸೋದರಿ ಮರಣಶಯ್ಯೆಯ ಫೋಟೊ ತೆಗೆಸಿದರು. ಅದು ಮನೆಯವರಿಗಷ್ಟೇ ಎಂದು ಕಟ್ಟಪ್ಪಣೆಯನ್ನೂ ಮಾಡಿದ್ದರು. ಆದರೂ ಆ ಫೋಟೊ ನೋಡಿ ಬರೆದ ಚಿತ್ರವೊಂದು ಮಾರಾಟಕ್ಕೆ ಬಂತು. ಸತ್ತವರು ಎಷ್ಟೇ ಹೆಸರುವಾಸಿಯಾಗಿರಲಿ, ಮನೆಯವರ ಒಪ್ಪಿಗೆಯಿಲ್ಲದೆ ಆ ಮುಖವನ್ನು ಸಂತೆಗೆ ತರುವಂತಿಲ್ಲ ಎಂದ ನ್ಯಾಯಾಲಯ ಆ ಚಿತ್ರಗಳನ್ನು ಜಪ್ತಿ ಮಾಡಿಸಿತು. ಇಂದಿಗೂ ಮನ ತಟ್ಟುವ ತೀರ್ಪು ಅದು.

1881ರ ಕಾಯ್ದೆ ಪತ್ರಿಕೆಗಳಿಗೆ ದೊಡ್ಡ ಸ್ವಾತಂತ್ರ್ಯ ಕೊಟ್ಟಿತು. ಎದುರಿನ ತಕ್ಕಡಿಗೆ 1970ರ ಜುಲೈ 17ರ ಕಾನೂನು ಬಂದು ಕೂತಿತು. ತನ್ನ ಖಾಸಗಿ ಬದುಕಿಗೆ ಗೌರವ ಪಡೆಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂಬ ಮಾತು ನಾಗರಿಕ ಸಂಹಿತೆಯ 9ನೇ ವಿಧಿಯಾಯಿತು. ಆಗ ಅಧ್ಯಕ್ಷರಾಗಿದ್ದವರು ಜಾರ್ಜ್ ಪೊಂಪಿದು. ಮುಂದೆ ಅವರ ಮುಖ ಊದಿಕೊಳ್ಳುವುದನ್ನು ದೇಶವೆಲ್ಲ ನೋಡುತ್ತಿದ್ದರೂ ಅಧ್ಯಕ್ಷರ ಅರಮನೆಯಿಂದ ಬರುತ್ತಿದ್ದ ಸುದ್ದಿ ‘ಫ್ಲೂ’ ಎಂದೇ. 1974ರ ಏಪ್ರಿಲ್ 2ರಂದು ಅವರು ಅಧಿಕಾರದಲ್ಲಿದ್ದಾಗಲೇ ರಕ್ತದ ಕಾಯಿಲೆಯಿಂದ ತೀರಿಕೊಂಡರು.

ಆ ಕಹಿ ನೆನಪಿನಿಂದಲೇ 1981ರಲ್ಲಿ ಗೆದ್ದ ಮಿತ್ತೆರಾಂ, ತಮ್ಮ ಆರೋಗ್ಯದ ವರದಿಯನ್ನು ಆರು ತಿಂಗಳಿಗೊಮ್ಮೆ ಪ್ರಕಟಿಸುವೆನೆಂದು ಮಾತು ಕೊಟ್ಟರು. ಅದೇ ನವೆಂಬರ್‌ನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು. ಜನರಿಗೆ ಅದು ತಿಳಿದದ್ದು 1992ರಲ್ಲಿ. ನಡುವಿನ ವರದಿಗಳಿಗೆ ಗ್ಯುಬ್ಲೆರ್ ಸಹಿ ಹಾಕುತ್ತಲೇ ಇದ್ದರು. 1994ರ ಕೊನೆಯ ಹೊತ್ತಿಗೆ ಅಧ್ಯಕ್ಷರು ಹುದ್ದೆಯ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ ಎಂದೂ ಪುಸ್ತಕ ಹೇಳಿತು.

ಮಗಳು ಮಜಾರಿನ್‌ಳ ವಿಷಯ ಬೇರೆ. ಮದುವೆಯಾಚೆ ಹುಟ್ಟಿದ ಆಕೆಯ ಫೋಟೊಗಳನ್ನು ‘ಪಾರಿ ಮಾಚ್’ 1994ರ ನವೆಂಬರ್‌ನಲ್ಲಿ ಅಚ್ಚುಹಾಕುವವರೆಗೂ ಪ್ಯಾರಿಸ್ಸಿನ ಎಷ್ಟೋ ಪತ್ರಕರ್ತರು ತಿಳಿದೂ ಸುಮ್ಮನಿದ್ದರು. ಆ ಮೌನ ಒಂದು ಮಗುವನ್ನು ಕಾಪಾಡಿತು, ಅದನ್ನು ತಪ್ಪೆನ್ನಲಾಗದು. ಆದರೆ ಅದೇ ಗುಟ್ಟು ಹೊರಬೀಳದಿರಲೆಂದು ಅರಮನೆಯ ತಂಡವೊಂದು ಲೇಖಕ ಜಾಂ-ಎಡೆರ್ನ್ ಅಲಿಯೆ ಅವರ ಫೋನ್ ಕದ್ದಾಲಿಸಿತು. ಖಾಸಗಿತನದ ಹೆಸರಿನಲ್ಲಿ ಇನ್ನೊಬ್ಬರ ಖಾಸಗಿತನಕ್ಕೇ ಕನ್ನ ಹಾಕಿದ ಇದನ್ನು ಮಾತ್ರ ಯಾವ ನೆವದಿಂದಲೂ ಒಪ್ಪಲಾಗದು. ಕ್ಯಾನ್ಸರನ್ನು ಬಚ್ಚಿಟ್ಟದ್ದೂ ಮನೆಯ ಮಾತಾಗಿ ಉಳಿಯಲಿಲ್ಲ. 1988ರಲ್ಲಿ ಜನ ಅದನ್ನು ತಿಳಿಯದೆಯೇ ಅವರಿಗೆ ಮತ್ತೆ ವೋಟು ಹಾಕಿದರು.

ನಿಷೇಧ ಬಿದ್ದ ಕೆಲವೇ ದಿನಗಳಲ್ಲಿ ಬೆಸಾಂಸೋಂ ಊರಿನ ಸೈಬರ್ ಕೆಫೆಯೊಂದು ಇಡೀ ಪುಸ್ತಕವನ್ನು ಇಂಟರ್‌ನೆಟ್ಟಿಗೆ ಏರಿಸಿತು. ವೃತ್ತಿಯ ಗೌಪ್ಯ ಮುರಿದ ಗ್ಯುಬ್ಲೆರ್‌ಗೆ ಅಮಾನತಿನಲ್ಲಿಟ್ಟ ನಾಲ್ಕು ತಿಂಗಳ ಜೈಲು ಶಿಕ್ಷೆಯಾಯಿತು. 1996ರ ಅಕ್ಟೋಬರ್ 23ರಂದು ನ್ಯಾಯಾಲಯ ನಿಷೇಧವನ್ನೂ ಖಾಯಂ ಮಾಡಿತು.

ಪ್ರಕಾಶಕರಾದ ಪ್ಲೋಂ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2004ರ ಮೇ 18ರ ತೀರ್ಪು ದುಃಖಕ್ಕೂ ಒಂದು ಅವಧಿಯಿದೆಯೆಂದು ಗುರುತಿಸಿತು. ಸಾವಿನ ಬೆನ್ನಲ್ಲೇ ತಂದ ತಡೆ ಸರಿ. ಒಂಬತ್ತು ತಿಂಗಳ ನಂತರ, ಗುಟ್ಟು ಬೀದಿಗೆ ಬಿದ್ದ ಮೇಲೂ ಅದನ್ನು ಮುಂದುವರಿಸಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ. 2005ರಲ್ಲಿ ಬೇರೊಬ್ಬ ಪ್ರಕಾಶಕರ ಮೂಲಕ ‘ದೊಡ್ಡ ಗುಟ್ಟು’ ಮತ್ತೆ ಅಂಗಡಿಗೆ ಬಂತು.