ಒಂದು ಪೌಂಡ್ ಬಾಡಿಗೆ, ಒಂದು ಲೋಟ ಗಂಜಿ
‘ಸ್ವಲ್ಪ ಕನ್ಸಿಡರ್ ಮಾಡಿ ಸಾರ್.’ ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಪತ್ರ ಬರೆಯುತ್ತ ಕೂತ 32 ವರ್ಷವೂ ಈ ಮಾತು ಕಿವಿಗೆ ಬಿದ್ದಿದೆ. ಕನಿಕರ ತೋರಿಸಿ, ನಮ್ಮ ಕಷ್ಟವೂ ಗಮನದಲ್ಲಿರಲಿ ಎಂದು ಅದರ ಅರ್ಥ. ಅದೇ ಹೊತ್ತಿಗೆ ನನ್ನ ಕೈ ಕ್ರಯಪತ್ರದಲ್ಲಿ ‘ಪ್ರತಿಫಲದ ಹಣ’ ಎಂದು ಬರೆಯುತ್ತಿರುತ್ತಿತ್ತು. ಇಂಗ್ಲಿಷಿನಲ್ಲಿ ಅದೂ ಕನ್ಸಿಡರೇಶನ್ನೇ. ಆದರೆ ಅಲ್ಲಿ ಕನಿಕರದ ಮಾತಿಲ್ಲ. ಕೊಟ್ಟ ಮಾತಿಗೆ ಬದಲಾಗಿ ಏನು ಬಂತು ಎಂಬುದೊಂದೇ ಪ್ರಶ್ನೆ.

ಈ ಎರಡು ಅರ್ಥಗಳು 1842ರಲ್ಲಿ ಇಂಗ್ಲೆಂಡಿನ ಕೋರ್ಟಿನಲ್ಲಿ ಎದುರುಬದುರಾದವು. ಮೊಕದ್ದಮೆ ಥಾಮಸ್ ವಿರುದ್ಧ ಥಾಮಸ್. ಗಂಡ ಸಾಯುವ ಮುಂಚೆ, ಮನೆ ಹೆಂಡತಿಗಿರಲಿ ಎಂದು ಸಾಕ್ಷಿಗಳೆದುರು ಬಾಯಿಮಾತಿನಲ್ಲಿ ಹೇಳಿದ್ದ. ಉಯಿಲು ಜಾರಿ ಮಾಡಬೇಕಾದವರು ಒಪ್ಪಿ, ವರ್ಷಕ್ಕೆ 1 ಪೌಂಡ್ ಕೊಟ್ಟು, ರಿಪೇರಿ ನೋಡಿಕೊಂಡು ಇರು ಎಂದು ಕರಾರು ಬರೆದರು. ಅವರಲ್ಲೊಬ್ಬ ತೀರಿಕೊಂಡ ಮೇಲೆ ಇನ್ನೊಬ್ಬ ಅವಳನ್ನು ಹೊರಹಾಕಿದ. ಗೆದ್ದವಳು ವಿಧವೆಯೇ. ಆದರೆ ಸತ್ತವನ ಆಸೆ ಬರೀ ಪ್ರೇರಣೆ, ಅದು ಪ್ರತಿಫಲವಾಗದು ಎಂದರು ನ್ಯಾಯಾಧೀಶರು. ಅವಳನ್ನು ಉಳಿಸಿದ್ದು ಆ ಒಂದು ಪೌಂಡು ಮತ್ತು ರಿಪೇರಿಯ ಹೊಣೆ.

ನಮ್ಮ ಕರಾರು ಕಾಯಿದೆ 1872ರದು. ಅದರ 25ನೇ ಕಲಮಿನಡಿ ಒಂದು ಉದಾಹರಣೆಯಿದೆ: 1,000 ರೂಪಾಯಿ ಬಾಳುವ ಕುದುರೆಯನ್ನು 10 ರೂಪಾಯಿಗೆ ಮಾರಲು ಒಬ್ಬ ಮನಸಾರೆ ಒಪ್ಪಿದರೆ ಕರಾರು ಊರ್ಜಿತ. ಪ್ರತಿಫಲ ಹಣವೇ ಆಗಬೇಕೆಂದೂ ಇಲ್ಲ. ಹೌರಾದಲ್ಲಿ ಪುರಭವನ ಕಟ್ಟಲು 100 ರೂಪಾಯಿ ವಂತಿಗೆ ಬರೆಸಿದವರೊಬ್ಬರು ಆಮೇಲೆ ಕೊಡಲಿಲ್ಲ. ಆ ಪಟ್ಟಿಯನ್ನು ನಂಬಿ ಕಂಟ್ರಾಕ್ಟರಿಗೆ ಕೆಲಸ ಒಪ್ಪಿಸಿಯಾಗಿತ್ತು. ನಂಬಿ ಮಾಡಿದ ಆ ಕೆಲಸವೇ ಸಾಕೆಂದು 1886ರಲ್ಲಿ ಕಲ್ಕತ್ತಾ ಹೈಕೋರ್ಟ್ ಹಣ ಕೊಡಿಸಿತು.

ಅದೇ 25ನೇ ಕಲಮು ಪ್ರೀತಿಗೂ ಒಂದು ಬಾಗಿಲು ಬಿಟ್ಟಿದೆ. ಹತ್ತಿರದ ಸಂಬಂಧಿಗೆ ಸಹಜ ವಾತ್ಸಲ್ಯದಿಂದ ಕೊಟ್ಟ ಮಾತು ಬರಹದಲ್ಲಿದ್ದು ನೋಂದಣಿಯಾಗಿದ್ದರೆ ಪ್ರತಿಫಲ ಬೇಡ. ಆದರೆ 1900ರ ಕಲ್ಕತ್ತೆಯ ಪ್ರಕರಣವೊಂದರಲ್ಲಿ, ಬೇರೆಯಾಗುತ್ತಿದ್ದ ಹೆಂಡತಿಗೆ ಜೀವನಾಂಶ ಕೊಡುತ್ತೇನೆಂದು ಗಂಡ ಬರೆದ ನೋಂದಾಯಿತ ಪತ್ರವೂ ನಿಲ್ಲಲಿಲ್ಲ. ಇಬ್ಬರ ಜಗಳ ಅದೇ ಪತ್ರದಲ್ಲಿ ನಮೂದಾಗಿತ್ತು. ಇಲ್ಲಿ ಪ್ರೀತಿ ಎಲ್ಲಿದೆ ಎಂದು ಕೋರ್ಟು ಕೇಳಿತು. ಆ ತೀರ್ಪನ್ನು ನನ್ನ ಮನಸ್ಸು ಇವತ್ತಿಗೂ ಒಪ್ಪಿಲ್ಲ. ಆ ಹೆಂಗಸು ಕೇಳಿದ್ದು ಅನ್ನ.

ದಾನಪತ್ರಕ್ಕೂ ಪ್ರತಿಫಲ ಇರಬಾರದು. ಒಬ್ಬ ಅಜ್ಜಿ ತಂಗಿಯ ಮಗಳಿಗೆ 10 ಗುಂಟೆ ಬರೆದುಕೊಡಲು ಬಂದಿದ್ದರು. ‘ಎರಡು ವರ್ಷ ನಂಗೆ ಗಂಜಿ ಕಾಯ್ಸಿ ಕುಡಿಸವ್ಳೆ, ಅದ್ನ ಬರಿಯಪ್ಪ’ ಎಂದರು. ಗಂಜಿ ಎಂದು ಬರೆದರೆ ಅದು ಪ್ರತಿಫಲವೆಂದು ನಾಳೆ ಯಾರಾದರೂ ತಕರಾರು ಎತ್ತಬಹುದು. ‘ನಿನ್ನ ಮೇಲೆ ನನಗಿರುವ ಪ್ರೀತಿವಿಶ್ವಾಸದಿಂದ’ ಎಂದು ಬರೆದು, ಚೆಕ್ಕುಬಂದಿಯವರೆಗೂ ಓದಿ ಹೇಳಿದೆ.

‘ಗಂಜಿ ಎಲ್ಲಪ್ಪ?’

ಪ್ರೀತಿವಿಶ್ವಾಸ ಎಂಬಲ್ಲಿ ಬೆರಳಿಟ್ಟು ತೋರಿಸಿದೆ. ಓದು ಬಾರದ ಅಜ್ಜಿ ಆ ಅಕ್ಷರಗಳನ್ನು ಒಂದಷ್ಟು ಹೊತ್ತು ನೋಡಿ, ಹೆಬ್ಬೆಟ್ಟು ಮುಂದೆ ಮಾಡಿದರು.