ಲಾಯದ ಬಾಗಿಲಿನ ಜ್ವರಪಟ್ಟಿ: ಅಮೆರಿಕದ ಮಕ್ಕಳ ಕುದುರೆ ಪ್ರದರ್ಶನಗಳಲ್ಲಿ ಸೋಂಕು ತಡೆಯ ಪ್ರಶ್ನೆ

ಅಮೆರಿಕದ ಹಳ್ಳಿಗಾಡಿನಲ್ಲಿ ಬೇಸಿಗೆ ಬಂತೆಂದರೆ ಕೌಂಟಿ ಜಾತ್ರೆಗಳ ಕಾಲ. ದನ, ಕುರಿ, ಹಂದಿ, ಕೋಳಿಗಳ ಜೊತೆಗೆ ಮಕ್ಕಳು ತಾವೇ ಆರೈಕೆ ಮಾಡಿದ ಕುದುರೆಗಳನ್ನೂ ಅಲ್ಲಿಗೆ ಕರೆತರುತ್ತಾರೆ. ಈ ಪ್ರದರ್ಶನಗಳಲ್ಲಿ ಬಹಳಷ್ಟನ್ನು ನಡೆಸುವುದು 4-ಎಚ್ ಸಂಘಟನೆ. 1902ರಲ್ಲಿ ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಶಾಲಾ ಮಕ್ಕಳ ಕೂಟವಾಗಿ ಶುರುವಾದ ಇದು, 1914ರ ಸ್ಮಿತ್-ಲೀವರ್ ಕಾಯ್ದೆಯ ನಂತರ ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ವಿಭಾಗಗಳ ಆಸರೆಯಲ್ಲಿ ದೇಶದ ಉದ್ದಗಲಕ್ಕೂ ಬೆಳೆಯಿತು. ಇಲ್ಲಿ ಸವಾರಿ ಒಂದೇ ಪಾಠವಲ್ಲ. ಮೇವು ಹಾಕುವುದು, ಲಾಯ ಗುಡಿಸುವುದು, ಗೊರಸು ಕೆರೆದು ಸ್ವಚ್ಛ ಮಾಡುವುದು, ಖರ್ಚುವೆಚ್ಚ ಬರೆದಿಡುವುದು ಎಲ್ಲವೂ ಮಗುವಿನ ಹೊಣೆ. ಈ ಲೇಖನದ ವಾದ ಆ ಹೊಣೆಯ ಮೇಲೆಯೇ ನಿಂತಿದೆ. ಸಾಂಕ್ರಾಮಿಕ ರೋಗವನ್ನು ಬೇಗ ಹಿಡಿಯಬಲ್ಲವರು ಗೇಟಿನಲ್ಲಿ ಕಾಗದ ನೋಡುವ ಸ್ವಯಂಸೇವಕರಲ್ಲ, ಕುದುರೆಯ ಪಕ್ಕದಲ್ಲೇ ದಿನವಿಡೀ ಇರುವ ಮಕ್ಕಳು. ಆದರೆ ಸ್ಪರ್ಧೆಯ ಕಟ್ಟಳೆಗಳು ಆ ಮಕ್ಕಳು ಕಂಡದ್ದನ್ನು ಹೇಳಲು ಹಿಂಜರಿಯುವಂತೆ ಇವೆ.

ಇದನ್ನು ತೋರಿಸಲು 2011ರ ಆಗ್ಡನ್ ಪ್ರಕರಣವನ್ನು ತುಸು ವಿವರವಾಗಿ ನೋಡಬೇಕು. ಅದು ಮಕ್ಕಳ ಕೂಟವಾಗಿರಲಿಲ್ಲ. ಆದರೂ ಮಕ್ಕಳ ಕೂಟಗಳಿಗೆ ಅದರಿಂದ ಬಿದ್ದ ಪೆಟ್ಟು ದೊಡ್ಡದು. ಯೂಟಾ ರಾಜ್ಯದ ಆಗ್ಡನ್‌ನಲ್ಲಿ ಏಪ್ರಿಲ್ ಕೊನೆಗೆ ಶುರುವಾಗಿ ಮೇ ತಿಂಗಳಲ್ಲಿ ಮುಗಿದದ್ದು ಕಟಿಂಗ್ ಕುದುರೆಗಳ ಪಂದ್ಯಾವಳಿ. ದನದ ಮಂದೆಯಿಂದ ಒಂದನ್ನು ಬೇರ್ಪಡಿಸಿ, ಅದು ಮತ್ತೆ ಮಂದೆ ಸೇರದಂತೆ ಅಡ್ಡಗಟ್ಟುವುದು ಈ ಕುದುರೆಗಳ ಕಸುಬು. ಸೇರಿದ್ದವು 400ಕ್ಕೂ ಹೆಚ್ಚು ಕುದುರೆಗಳು. ಕೂಟ ಮುಗಿದು ಟ್ರೇಲರ್‌ಗಳು ಬೇರೆ ಬೇರೆ ರಾಜ್ಯಗಳಿಗೆ ಚದುರಿದ ಮೇಲೆ ಒಂದೊಂದೇ ಕಡೆಯಿಂದ ಸುದ್ದಿ ಬರತೊಡಗಿತು: ಜ್ವರ, ಹಿಂಗಾಲುಗಳ ತೂರಾಟ, ತಡೆಯಿಲ್ಲದೆ ತೊಟ್ಟಿಕ್ಕುವ ಮೂತ್ರ, ಕೊನೆಗೆ ಮಲಗಿದ ಕುದುರೆ ಏಳದಿರುವುದು. ರೋಗಾಣು ಕುದುರೆಯ ಹರ್ಪಿಸ್ ವೈರಸ್-1, ಪಶುವೈದ್ಯರ ಬಾಯಲ್ಲಿ ಇಎಚ್‌ವಿ-1. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಂತೆ 10 ರಾಜ್ಯಗಳಲ್ಲಿ 90 ಪ್ರಕರಣಗಳು ಖಚಿತವಾದವು. 13 ಕುದುರೆಗಳು ಸತ್ತವು ಇಲ್ಲವೇ ದಯಾಮರಣಕ್ಕೆ ಒಳಗಾದವು. ಎರಡನೆಯ, ಮೂರನೆಯ ಸುತ್ತಿನ ಸಂಪರ್ಕವನ್ನೂ ಸೇರಿಸಿದರೆ ಅಪಾಯಕ್ಕೆ ಒಡ್ಡಿಕೊಂಡ ಕುದುರೆಗಳ ಸಂಖ್ಯೆ 2,000 ದಾಟಿತು.

ಆ ಮೇ ತಿಂಗಳಿನಲ್ಲಿ ಪಶ್ಚಿಮದ ರಾಜ್ಯಗಳಲ್ಲಿ ಕುದುರೆ ಕೂಟಗಳು ಸಾಲುಸಾಲಾಗಿ ರದ್ದಾದವು. ಯೂಟಾದ ಡೇವಿಸ್ ಕೌಂಟಿಯಲ್ಲಿ ಹುಡುಗಿಯರ ರೋಡಿಯೊ ರಾಣಿ ಸ್ಪರ್ಧೆಯನ್ನು ಮಾತ್ರ ಬಿಡದೆ ನಡೆಸಿದರು, ಕುದುರೆಗಳಿಲ್ಲದೆ. ಸ್ಪರ್ಧಿಗಳು ಕೋಲುಕುದುರೆಗಳನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಅಖಾಡದಲ್ಲಿ ತಮ್ಮ ಸುತ್ತುಗಳನ್ನು ಪೂರೈಸಿದರು. ಪತ್ರಿಕೆಗಳಿಗೆ ಇದು ವಿನೋದದ ಸುದ್ದಿಯಾಯಿತು. ನನಗೆ ಇದು ಆ ಇಡೀ ಪ್ರಕರಣದಲ್ಲೇ ಅತ್ಯಂತ ವಿವೇಕದ ನಿರ್ಧಾರವಾಗಿ ಕಾಣುತ್ತದೆ. ಮಗು ಕಲಿತದ್ದನ್ನು ಅಳೆಯಲು ಕುದುರೆ ಮೈದಾನಕ್ಕೆ ಬರಲೇಬೇಕೆಂದಿಲ್ಲ ಎಂದು ಸಂಘಟಕರು ಮಾಡಿ ತೋರಿಸಿದರು. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಕಾಗದ ಹೇಳುವುದು, ಹೇಳದಿರುವುದು

ಕೌಂಟಿ ಜಾತ್ರೆಗೆ ಕುದುರೆ ತರುವವರಿಂದ ಸಾಮಾನ್ಯವಾಗಿ ಕೇಳುವ ಮೊದಲ ದಾಖಲೆ ಕಾಗಿನ್ಸ್ ಪರೀಕ್ಷೆಯದು. ಕಾರ್ನೆಲ್ ವಿಶ್ವವಿದ್ಯಾಲಯದ ಲೆರಾಯ್ ಕಾಗಿನ್ಸ್ 1970ರ ಸುಮಾರಿಗೆ ರೂಪಿಸಿದ ಈ ರಕ್ತಪರೀಕ್ಷೆ ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯನ್ನು ಪತ್ತೆಮಾಡುತ್ತದೆ. ಆ ರೋಗಕ್ಕೆ ಮದ್ದಿಲ್ಲ, ಒಮ್ಮೆ ತಗುಲಿದ ಕುದುರೆ ಜೀವನಪರ್ಯಂತ ಅದನ್ನು ಹೊತ್ತಿರುತ್ತದೆ. ಆದ್ದರಿಂದ ಪರೀಕ್ಷೆ ಬೇಕೇ ಬೇಕು. ಆದರೆ ಅದು ಹರಡುವುದು ರಕ್ತ ಹೀರುವ ದೊಡ್ಡ ನೊಣಗಳಿಂದ, ಮತ್ತೆ ಮತ್ತೆ ಬಳಸಿದ ಸೂಜಿಗಳಿಂದ. ಪ್ರದರ್ಶನದ ಲಾಯದಲ್ಲಿ ನಾಲ್ಕು ದಿನದೊಳಗೆ ಸಾಲು ಹಿಡಿದು ಹಬ್ಬುವವು ಬೇರೆ: ಇಎಚ್‌ವಿ-1, ಕುದುರೆಗಳ ಇನ್‌ಫ್ಲುಯೆಂಜಾ, ಗಂಟಲ ಗ್ರಂಥಿಗಳು ಬಾತು ಕೀವಾಗುವ ಸ್ಟ್ರಾಂಗಲ್ಸ್. ಈ ಮೂರರ ಬಗ್ಗೆ ಕಾಗಿನ್ಸ್ ಕಾಗದ ಒಂದಕ್ಷರವನ್ನೂ ಹೇಳುವುದಿಲ್ಲ. ಪಶುವೈದ್ಯರ ಆರೋಗ್ಯ ಪ್ರಮಾಣಪತ್ರವೂ ಅಷ್ಟೆ. 30 ದಿನ ಚಾಲ್ತಿಯಲ್ಲಿರುವ ಆ ಪತ್ರ ಕುದುರೆ ಅಂದು ಹೇಗಿತ್ತೆಂದು ಹೇಳುತ್ತದೆ, ಇಂದು ಹೇಗಿದೆಯೆಂದಲ್ಲ.

ಲಸಿಕೆಯ ಮಾತು ಇನ್ನೂ ತೊಡಕಿನದು. ಅಮೆರಿಕದ ಅಶ್ವಾರೋಹಣ ಒಕ್ಕೂಟ 2015ರ ಡಿಸೆಂಬರ್‌ನಿಂದ ತನ್ನ ಸ್ಪರ್ಧೆಗಳಿಗೆ ಬರುವ ಕುದುರೆಗಳಿಗೆ ಹಿಂದಿನ ಆರು ತಿಂಗಳೊಳಗೆ ಇನ್‌ಫ್ಲುಯೆಂಜಾ ಮತ್ತು ಹರ್ಪಿಸ್ ಲಸಿಕೆ ಆಗಿರಬೇಕೆಂದು ವಿಧಿಸಿತು. ಇನ್‌ಫ್ಲುಯೆಂಜಾದ ವಿಷಯದಲ್ಲಿ ಇದರಿಂದ ನಿಜವಾದ ಲಾಭವಿದೆ. ಇಎಚ್‌ವಿ-1ರ ಲಸಿಕೆ ಮೂಗಿನಿಂದ ಹೊರಬೀಳುವ ವೈರಸ್ಸನ್ನು ತಗ್ಗಿಸಬಹುದು, ಆದರೆ ನರಮಂಡಲಕ್ಕೆ ಏರುವ ರೂಪವನ್ನು ತಡೆಯುತ್ತದೆಂದು ಯಾವ ತಯಾರಕರೂ ಭರವಸೆ ಕೊಡುವುದಿಲ್ಲ. ಮೇಲಾಗಿ ಬಹುಪಾಲು ಕುದುರೆಗಳು ಮರಿಯಾಗಿರುವಾಗಲೇ ಈ ವೈರಸ್ ಅಂಟಿಸಿಕೊಂಡಿರುತ್ತವೆ. ಮುಖದ ನರದ ಗಂಟಿನಲ್ಲಿ, ದುಗ್ಧ ಗ್ರಂಥಿಗಳಲ್ಲಿ ಅದು ವರ್ಷಗಟ್ಟಲೆ ಸುಮ್ಮನಿದ್ದು, ದೂರ ಪ್ರಯಾಣ, ಹೊಸ ಜಾಗ, ಗದ್ದಲ ಇಂಥ ಒತ್ತಡದಲ್ಲಿ ಮತ್ತೆ ಎಚ್ಚೆತ್ತು ಮೂಗಿಗೆ ಇಳಿಯುತ್ತದೆ. ಹೊರಗಿನ ರೋಗಿಷ್ಠ ಕುದುರೆ ಒಳಬರದಂತೆ ಗೇಟು ಎಷ್ಟೇ ಭದ್ರವಾಗಿದ್ದರೂ, ಜಾತ್ರೆಯ ಒತ್ತಡವೇ ಒಳಗಿನ ಒಂದು ಆರೋಗ್ಯವಂತ ಕುದುರೆಯಲ್ಲಿ ಸೋಂಕನ್ನು ಎಬ್ಬಿಸಬಲ್ಲದು. ಆಗ್ಡನ್ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚು ಸುತ್ತುಗಳಲ್ಲಿ ಸ್ಪರ್ಧಿಸಿದ ಕುದುರೆಗಳಿಗೆ ನರರೋಗದ ಅಪಾಯ ಹೆಚ್ಚಿದ್ದದ್ದು ಕಂಡುಬಂದಿದೆ. ಮಕ್ಕಳ ಪ್ರದರ್ಶನಕ್ಕೆ ಇದು ನೇರವಾಗಿ ತಟ್ಟುವ ಮಾತು. ಅಲ್ಲಿ ಮನೆಗೆ ಒಂದೇ ಕುದುರೆ. ಅಕ್ಕ ಬೆಳಿಗ್ಗೆ ಅದನ್ನೇರಿ ಎರಡು ಸ್ಪರ್ಧೆಗೆ ಇಳಿದರೆ, ತಮ್ಮ ಮಧ್ಯಾಹ್ನ ಅದನ್ನೇ ಹಿಡಿದು ಮತ್ತೆ ಮೂರಕ್ಕೆ ಹೋಗುತ್ತಾನೆ.

ಹಾಗಾಗಿ ಉಳಿಯುವುದು ಥರ್ಮಾಮೀಟರ್. ಮೂರೂ ರೋಗಗಳಲ್ಲಿ ಮೊದಲು ಕಾಣುವುದು ಜ್ವರ. ಸ್ಟ್ರಾಂಗಲ್ಸ್‌ನಲ್ಲಿ ಜ್ವರ ಬಂದ ಒಂದೆರಡು ದಿನದ ನಂತರವೇ ಮೂಗಿನಿಂದ ರೋಗಾಣು ಹೊರಬೀಳತೊಡಗುತ್ತದೆ; ಜ್ವರ ಕಂಡ ದಿನವೇ ಕುದುರೆಯನ್ನು ಬೇರೆ ಕಟ್ಟಿದರೆ ಸಾಲಿನ ಉಳಿದವು ಬಹುಮಟ್ಟಿಗೆ ಪಾರು. ಇಎಚ್‌ವಿ-1ರಲ್ಲಿ ಇಷ್ಟು ಬಿಡುವು ಸಿಗುವುದಿಲ್ಲ, ಜ್ವರದೊಡನೆ, ಕೆಲವೊಮ್ಮೆ ಅದಕ್ಕೂ ಮೊದಲೇ ವೈರಸ್ ಹೊರಬರುತ್ತದೆ. ಆದರೂ ಕಾಲು ತೂರಾಡುವುದು ಜ್ವರದ ಎಷ್ಟೋ ದಿನಗಳ ನಂತರ. ತೂರಾಟ ಕಂಡ ಮೇಲೆ ಎಚ್ಚೆತ್ತವರಿಗೂ ಜ್ವರ ಕಂಡಾಗಲೇ ಎಚ್ಚೆತ್ತವರಿಗೂ ನಡುವಿನ ಅಂತರದಲ್ಲಿ ಒಂದು ಇಡೀ ಜಾತ್ರೆ ಮುಗಿದುಹೋಗುತ್ತದೆ. ಆಗ್ಡನ್‌ನಲ್ಲಿ ಆದದ್ದೂ ಅದೇ.

ಜ್ವರ ನೋಡುವ ಕೆಲಸ ಹತ್ತು ವರ್ಷದ ಮಗುವಿಗೆ ಕಷ್ಟದ್ದಲ್ಲ. ಥರ್ಮಾಮೀಟರಿನ ತುದಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಅದನ್ನು ಬಾಲದ ಕೂದಲಿಗೆ ಹಿಡಿಸುತ್ತಾರೆ, ಕೈಜಾರಿದರೂ ಕಳೆದುಹೋಗಬಾರದೆಂದು. ಮಗು ಹಿಂಗಾಲಿನ ನೇರಕ್ಕೆ ನಿಲ್ಲದೆ ಸೊಂಟದ ಮಗ್ಗುಲಿಗೆ ನಿಂತು, ಬಾಲವನ್ನು ಪಕ್ಕಕ್ಕೆ ಸರಿಸಿ, ತುದಿಗೆ ವ್ಯಾಸಲಿನ್ ಸವರಿದ ಥರ್ಮಾಮೀಟರನ್ನು ಗುದದ್ವಾರದಲ್ಲಿ ಇಟ್ಟು ಬೀಪ್ ಸದ್ದಿಗೆ ಕಾಯುತ್ತದೆ. ಬೆಳೆದ ಕುದುರೆಗೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ, 101.5 ದಾಟಿದರೆ ದೊಡ್ಡವರಿಗೆ ಹೇಳಬೇಕು. ಬೆಳಿಗ್ಗೆ ಸವಾರಿಗೆ ಮುಂಚೆ ಒಮ್ಮೆ, ಸಂಜೆ ಮೈ ತಣಿದ ಮೇಲೆ ಒಮ್ಮೆ ನೋಡಿ, ಲಾಯದ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಬರೆಯಬೇಕು. 2021ರ ಫೆಬ್ರವರಿಯಲ್ಲಿ ಸ್ಪೇನ್‌ನ ವೆಲೆನ್ಸಿಯಾ ಕೂಟದಿಂದ ಇದೇ ವೈರಸ್ ಯೂರೋಪಿನಲ್ಲಿ ಹಬ್ಬಿ 18 ಕುದುರೆಗಳು ಸತ್ತ ನಂತರ, ಅಂತಾರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟ ಏಪ್ರಿಲ್ 12ರಂದು ಸ್ಪರ್ಧೆಗಳನ್ನು ಮತ್ತೆ ತೆರೆದದ್ದು ಇಂಥದೇ ಜ್ವರ ದಾಖಲೆಯನ್ನು ಕಡ್ಡಾಯ ಮಾಡಿ. ಕೋಟಿಗಟ್ಟಲೆ ಬೆಲೆಯ ಕುದುರೆಗಳಿಗೆ ವಿಧಿಸಿದ ಆ ಕ್ರಮಕ್ಕೆ ಬೇಕಾದದ್ದು ಕೌಂಟಿ ಜಾತ್ರೆಯ ಮಗುವಿನ ಬಳಿಯೂ ಇರಬಹುದಾದಷ್ಟೇ ಸಾಮಗ್ರಿ.

ಬಕೆಟ್, ಪೈಪು, ಕಡಿವಾಣ

ಸೋಂಕಿನ ಹಾದಿಯನ್ನು ಹಿಡಿದುಹೋದರೆ ಅದು ಬಹಳ ಸಾಧಾರಣ ಜಾಗಗಳಲ್ಲಿ ಸಿಗುತ್ತದೆ. ಸಂಜೆ ಒಬ್ಬ ಹುಡುಗ ಉದ್ದನೆಯ ನೀರಿನ ಪೈಪು ಹಿಡಿದು ಸಾಲಿನ ಬಕೆಟ್‌ಗಳನ್ನೆಲ್ಲ ತುಂಬುತ್ತಾ ಹೋಗುತ್ತಾನೆ, ಸ್ನೇಹಿತರಿಗೂ ಉಪಕಾರವಾಗಲೆಂದು. ಪೈಪಿನ ಬಾಯಿ ಮೊದಲ ಬಕೆಟ್ಟಿನ ನೀರಿನಲ್ಲಿ ಮುಳುಗುತ್ತದೆ, ಅದೇ ಒದ್ದೆ ಬಾಯಿ ಎರಡನೆಯದಕ್ಕೆ, ಮೂರನೆಯದಕ್ಕೆ. ಮೊದಲ ಕುದುರೆಯ ಗೊಣ್ಣೆ ಆ ನೀರಿಗೆ ಇಳಿದಿದ್ದರೆ ಸಾಲಿನ ಅಷ್ಟೂ ಕುದುರೆಗಳ ಪಾಲಾಯಿತು. ಸ್ಟ್ರಾಂಗಲ್ಸ್‌ನ ರೋಗಾಣು ನೀರಿನಲ್ಲಿ ವಾರಗಟ್ಟಲೆ ಬದುಕಬಲ್ಲದು. ಪೈಪನ್ನು ಬಕೆಟ್ಟಿಗಿಂತ ಒಂದು ಗೇಣು ಮೇಲೆ ಹಿಡಿದರೆ ಸಾಕು, ಕಾಸಿನ ಖರ್ಚಿಲ್ಲದೆ ಆ ಹಾದಿ ಮುಚ್ಚುತ್ತದೆ. ಕಡಿವಾಣ ನಿಯಮಕ್ಕೆ ಸರಿಯಾಗಿದೆಯೇ ಎಂದು ಕುದುರೆಯಿಂದ ಕುದುರೆಗೆ ಬಾಯಿ ತೆರೆಸಿ ನೋಡುವ ಪರಿಶೀಲಕರ ಕೈಯೂ ಹೀಗೆಯೇ. ಸವಾರರೇ ಕಡಿವಾಣ ಕಳಚಿ ತೋರಿಸುವ ಪದ್ಧತಿ ತಂದರೆ ಪರಿಶೀಲಕರು ಯಾವ ಬಾಯಿಯನ್ನೂ ಮುಟ್ಟಬೇಕಿಲ್ಲ. ಇನ್ನು ಸ್ಪಂಜು, ಬ್ರಷ್ಷು, ಮುಖ ಒರೆಸುವ ಬಟ್ಟೆಗಳ ಎರವಲು. ಹಂಚಿಕೊಳ್ಳುವುದು ಒಳ್ಳೆಯ ಗುಣವೆಂದು ಹೇಳಿ ಬೆಳೆಸಿದ ಮಕ್ಕಳಿಗೆ ಇಲ್ಲಿ ಮಾತ್ರ ಬೇಡವೆನ್ನಬೇಕಾಗುತ್ತದೆ, ಮತ್ತು ಏಕೆಂದು ಬಿಡಿಸಿ ಹೇಳಬೇಕಾಗುತ್ತದೆ.

ಜನ ಹೊತ್ತೊಯ್ಯುವ ಸೋಂಕನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯಾದ 2007ರ ಅನುಭವ ಸಾಕ್ಷಿ. ಅದುವರೆಗೆ ಕುದುರೆ ಇನ್‌ಫ್ಲುಯೆಂಜಾ ಕಂಡಿರದ ಆ ದೇಶದಲ್ಲಿ ಆಮದು ಕುದುರೆಗಳ ಕ್ವಾರಂಟೈನ್ ಕೇಂದ್ರದಿಂದ ವೈರಸ್ ಹೊರಬಿತ್ತು. ಜನರು ಇಲ್ಲವೇ ಸಲಕರಣೆಗಳ ಮೂಲಕ ಅದು ದಾಟಿರಬಹುದೆಂದು ವಿಚಾರಣಾ ಆಯೋಗ ಅಭಿಪ್ರಾಯಪಟ್ಟಿತು. ಆಗಸ್ಟ್ ಮಧ್ಯದಲ್ಲಿ ಮೇಟ್‌ಲ್ಯಾಂಡ್ ಬಳಿ ನಡೆದ ಒಂದು ಕುದುರೆ ಕೂಟದಿಂದ ಮನೆಗೆ ಮರಳಿದ ಟ್ರೇಲರ್‌ಗಳು ಅದನ್ನು ನ್ಯೂ ಸೌತ್ ವೇಲ್ಸ್‌ನ ಮೂಲೆಮೂಲೆಗೆ ಮುಟ್ಟಿಸಿದವು. ಕುದುರೆಗಳ ಓಡಾಟವನ್ನೇ ನಿಲ್ಲಿಸಿ, ಲಸಿಕೆ ಹಾಕಿ, ವರ್ಷಾಂತ್ಯದೊಳಗೆ ರೋಗವನ್ನು ಅಳಿಸಿದರು. ಅಷ್ಟರಲ್ಲಿ ಹತ್ತಾರು ಸಾವಿರ ಕುದುರೆಗಳು ಮಲಗಿ ಎದ್ದಿದ್ದವು.

ಭಾರತದಲ್ಲಿ 2008ರ ಜೂನ್‌ನಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಾಣಿಸಿಕೊಂಡ ಇದೇ ರೋಗ ಹಲವು ರಾಜ್ಯಗಳಿಗೆ ಹಬ್ಬಿತ್ತು. ನಮ್ಮಲ್ಲಿ ಅದಕ್ಕಿಂತ ಭಯಂಕರವಾದ ಗ್ಲಾಂಡರ್ಸ್ ಕೂಡ ಇದೆ, ಮನುಷ್ಯರಿಗೂ ತಗುಲುವಂಥದು. ಸೋಂಕು ದೃಢಪಟ್ಟ ಪ್ರಾಣಿಗೆ ದಯಾಮರಣವೇ ಗತಿ. ಬೆಂಗಳೂರಿನಲ್ಲಿ ಸವಾರಿ ಕಲಿತು ಟೋಕಿಯೊ ಒಲಿಂಪಿಕ್ಸ್‌ವರೆಗೆ ಹೋದ ಫೌಆದ್ ಮಿರ್ಜಾರಂಥವರು ಯೂರೋಪಿನಲ್ಲೇ ಕುದುರೆ ಇಟ್ಟುಕೊಂಡು ಅಭ್ಯಾಸ ಮಾಡಬೇಕಾದದ್ದಕ್ಕೆ ಭಾರತದಿಂದ ಕುದುರೆ ಹೊರಗೊಯ್ಯಲು ಇರುವ ರೋಗಸಂಬಂಧಿ ನಿರ್ಬಂಧಗಳೂ ಕಾರಣ. ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ಕಲಿಯುವ ಮಕ್ಕಳಿಗೆ ಜ್ವರಪಟ್ಟಿ ಬರೆಯುವ ರೂಢಿ ಹಿಡಿಸಿದರೆ ಅದು ಅನವಶ್ಯಕವಾಗದು.

ಹೇಳಿದವರಿಗೇ ನಷ್ಟ

ಇಷ್ಟೆಲ್ಲ ತಿಳಿದಿದ್ದೂ ಜ್ವರ ಮುಚ್ಚಿಡುವುದು ಏಕೆ ನಡೆಯುತ್ತದೆ? ಕೌಂಟಿ ಜಾತ್ರೆಯ ಅಂಕಗಳ ಮೇಲೆ ರಾಜ್ಯಮಟ್ಟದ ಅರ್ಹತೆ ನಿಂತಿರುತ್ತದೆ. ಮಗು ವರ್ಷವಿಡೀ ದುಡಿದಿರುತ್ತದೆ, ತಂದೆತಾಯಿ ರಜೆ ಹಾಕಿ, ಪ್ರವೇಶಶುಲ್ಕ ಕಟ್ಟಿ, ಟ್ರೇಲರ್ ಎಳೆದು ತಂದಿರುತ್ತಾರೆ. ಬೆಳಿಗ್ಗೆ ಆರಕ್ಕೆ 102 ಡಿಗ್ರಿ ಕಂಡಿತೆನ್ನಿ. ಹೇಳಿದರೆ ತನ್ನ ಸ್ಪರ್ಧೆ ಹೋಯಿತು, ಜೊತೆಗೆ ಸಾಲಿನ ಎಲ್ಲರ ಮೇಲೆ ನಿರ್ಬಂಧ, ಗೆಳೆಯರ ಮುನಿಸು. ಹೇಳದಿದ್ದರೆ, ಸೆಕೆಗೆ ಮೈ ಬಿಸಿಯಾಗಿದೆ ಎಂದುಕೊಂಡು ಜ್ವರ ಇಳಿಸುವ ಔಷಧಿ ಕೊಟ್ಟು ಅಖಾಡಕ್ಕೆ ಇಳಿಯುವುದು. ಇದನ್ನು ಮಗುವಿನ ಪ್ರಾಮಾಣಿಕತೆಯ ಪರೀಕ್ಷೆಯೆಂದು ನೋಡುವುದು ಅನ್ಯಾಯ. ನಿಜ ಹೇಳಿದವರಿಗೆ ಮಾತ್ರ ದಂಡ ಬೀಳುವ ಏರ್ಪಾಡನ್ನು ಮಾಡಿದವರು ದೊಡ್ಡವರು.

ಡೇವಿಸ್ ಕೌಂಟಿಯ ಕೋಲುಕುದುರೆಗಳು ದಾರಿ ತೋರಿಸುವುದು ಇಲ್ಲಿ. ಜ್ವರ ವರದಿ ಮಾಡಿದ ಮಗುವಿಗೆ ಕುದುರೆಯಿಲ್ಲದೆ ಮಾಡಬಹುದಾದ ಪರೀಕ್ಷೆಗಳನ್ನು, ಅಂದರೆ ಮೌಖಿಕ ಪ್ರಶ್ನೆ, ಅಖಾಡದ ಸುತ್ತನ್ನು ನಡೆದು ತೋರಿಸುವುದು, ಜೀನು ಲಗಾಮುಗಳ ಜ್ಞಾನ ಇವನ್ನು ಕೊಟ್ಟು ಅರ್ಹತೆ ಉಳಿಸಬೇಕು. ಶುಲ್ಕ ಮರಳಿಸಬೇಕು. ಪ್ರತ್ಯೇಕ ಲಾಯ ಕೂಟಕ್ಕೆ ಮೊದಲೇ ಸಿದ್ಧವಿರಬೇಕು: ಉಳಿದ ಸಾಲುಗಳಿಂದ ದೂರ, ಅದಕ್ಕೇ ಮೀಸಲಾದ ಬಕೆಟ್ಟು, ಸಲಿಕೆ, ಬೂಟು ಇರುವಂತೆ. ಜ್ವರ ಬಂದ ಮೇಲೆ ಜಾಗ ಹುಡುಕಲು ಹೊರಟರೆ ಮಾತು ಬೇಗ ಜಗಳಕ್ಕೆ ತಿರುಗುತ್ತದೆ. ಕಟ್ಟಳೆ ಬದಲಿಸುವುದು ಅಸಾಧ್ಯವೇನಲ್ಲ. 2012ರ ಬೇಸಿಗೆಯಲ್ಲಿ ಹಂದಿಗಳಿಂದ ಬಂದ ಎಚ್3ಎನ್2ವಿ ಜ್ವರ 309 ಜನರಿಗೆ ತಗುಲಿತು. ಅವರಲ್ಲಿ ಹೆಚ್ಚಿನವರು ಜಾತ್ರೆಗೆ ಹೋದ ಮಕ್ಕಳು. ಆನಂತರ ಹಂದಿಗಳನ್ನು ಮೂರು ದಿನಕ್ಕಿಂತ ಹೆಚ್ಚು ಮೈದಾನದಲ್ಲಿ ಇಡದಂತೆ ಎಷ್ಟೋ ಜಾತ್ರೆಗಳು ತಮ್ಮ ವೇಳಾಪಟ್ಟಿಯನ್ನೇ ಬದಲಿಸಿಕೊಂಡವು.

ಉಳಿದದ್ದು ಮನೆಗೆ ಮರಳಿದ ಮೇಲಿನ ಕಾಲ. ಪ್ರದರ್ಶನದಿಂದ ಬಂದ ಕುದುರೆಯನ್ನು ಕನಿಷ್ಠ ಎರಡು ವಾರ ಬೇರೆ ಕಟ್ಟಿ, ಮನೆಯ ಉಳಿದ ಕುದುರೆಗಳಿಗೆ ಮೇವು ಹಾಕಿದ ಮೇಲೆಯೇ ಅದರ ಬಳಿ ಹೋಗಬೇಕೆಂಬುದು ಪಶುವೈದ್ಯರ ಸಲಹೆ. ಇದನ್ನು ಯಾವ ಅಧಿಕಾರಿಯೂ ಬಂದು ನೋಡಲಾರ. ಆದರೆ 4-ಎಚ್ ಮಕ್ಕಳು ವರ್ಷದ ಕೊನೆಗೆ ಒಪ್ಪಿಸುವ ದಾಖಲೆ ಪುಸ್ತಕವೊಂದಿದೆ. ಮೇವಿನ ಲೆಕ್ಕ, ಲಾಳದ ಖರ್ಚು, ಸವಾರಿಯ ಗಂಟೆಗಳನ್ನು ಅದರಲ್ಲಿ ಬರೆಯುತ್ತಾರೆ, ಅದಕ್ಕೆ ಅಂಕವೂ ಉಂಟು. ಜಾತ್ರೆಯ ನಂತರದ 14 ದಿನಗಳ ಜ್ವರಪಟ್ಟಿಯನ್ನೂ ಆ ಪುಸ್ತಕದ ಭಾಗವಾಗಿಸಿ, ಬಹುಮಾನದ ರಿಬ್ಬನ್ನಿನಂತೆ ಅದನ್ನೂ ಅಂಕಕ್ಕೆ ಎಣಿಸುವುದನ್ನು ವಿಸ್ತರಣಾ ವಿಭಾಗಗಳು ಮುಂದಿನ ಬೇಸಿಗೆಯಲ್ಲೇ ಶುರುಮಾಡಬಹುದು.